ಅಪ್ಪ ಕಲಿತ ಹೆರಿಗೆ ಪಾಠ

ಮೂರೂವರೆ ವರ್ಷದ ಹಿಂದಿನ ಮಾತು. ನನಗಾಗ ಚೊಚ್ಚಲ ಬಸಿರು, ಏಳು ತಿಂಗಳು ತುಂಬಿತ್ತು. ಶಿವಮೊಗ್ಗದ ರವೀಂದ್ರನಗರದಲ್ಲಿರುವ ನನ್ನ ಗಂಡನ ಮನೆಯಲ್ಲಿ ಸೀಮಂತ ಮುಗಿದು, ಬಂದವರೆಲ್ಲ ಉಂಡು ಹೋಗಿದ್ದರು. ಉಳಿದ ನಾಲ್ಕೈದು ಮಂದಿ ಹಜಾರದಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ನನ್ನ ಬಾಣಂತನ ಯಾರು ಮಾಡುವುದೆಂಬ ಮಾತು ಬಂತು.

ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ನಡೆದುಬಂದ ರೂಢಿ. ನನ್ನ ತವರು ಭದ್ರಾವತಿ. ಆದರೆ ಅಲ್ಲಿ ಅಮ್ಮ ಇಲ್ಲ. ನಾನು ಏಳನೇ ತರಗತಿಯಲ್ಲಿದ್ದಾಗ ಕಾಮಾಲೆ ಬಂದು ಅಮ್ಮ ತೀರಿಕೊಂಡಳು. ಒಡಹುಟ್ಟಿದವರು ಯಾರೂ ಇಲ್ಲ. ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಅಪ್ಪನೇ ನನಗೆ ಜಡೆ ಹಾಕಿ, ಡಬ್ಬಿ ಕಟ್ಟಿ ಬೆಳೆಸಿದವನು. ಆ ಹೊತ್ತಿಗೆ ಅವನು ನಿವೃತ್ತನಾಗಿ ಎರಡು ವರ್ಷವಾಗಿತ್ತು.

ನಮ್ಮ ಅತ್ತೆ ಒಳ್ಳೆಯವರು. ಅಪ್ಪನಿಗೆ ಬೇಸರವಾಗಬಾರದೆಂದು ಮೆಲ್ಲಗೆ ಹೇಳಿದರು. "ಹೆರಿಗೆ ಇಲ್ಲೇ ಆಗ್ಲಿ ಬಿಡಿ ಬೀಗರೆ. ನಿಮ್ಮನೇಲಿ ಹೆಂಗಸರು ಅಂತ ಯಾರೂ ಇಲ್ಲ. ನೀವೊಬ್ರೇ ಏನ್ ಮಾಡ್ತೀರ?"

ಅಪ್ಪ ಲೋಟ ಕೆಳಗಿಟ್ಟು, "ತವರುಮನೆ ಇದೆಯಲ್ಲ. ನಾನಿದೀನಿ. ನಾನೇ ಮಾಡ್ತೀನಿ" ಎಂದ.

ಹೊಳೆಹೊನ್ನೂರಿನಿಂದ ಬಂದಿದ್ದ ಗಿರಿಜತ್ತೆ, ಅಂದರೆ ಅಪ್ಪನ ಅಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೀನು ಬಾಣಂತನ ಮಾಡ್ತೀಯೇನೋ ರುದ್ರ? ನಿಂಗೆ ಅದರಲ್ಲಿ ಏನ್ ಗೊತ್ತೋ ಮಾರಾಯ?"

"ಏನೂ ಗೊತ್ತಿಲ್ಲ. ಕ್ರೇನೂ ಗೊತ್ತಿರ್ಲಿಲ್ಲ, ಕಲಿತೆ. ಇದನ್ನೂ ಕಲೀತೀನಿ."

ಅವನು ತಮಾಷೆಗೆ ಹೇಳುತ್ತಿದ್ದಾನೆಂದೇ ನಾನೂ ಅಂದುಕೊಂಡೆ. ಆದರೆ ಮುಂದಿನ ವಾರ ತಪಾಸಣೆಗೆ ಹೋದಾಗ ಅಪ್ಪನೂ ಬಂದ. ಆಸ್ಪತ್ರೆಯ ಗೋಡೆಯಲ್ಲೊಂದು ಚೀಟಿ ಅಂಟಿಸಿದ್ದರು. ಗರ್ಭಿಣಿಯರಿಗೂ ಮನೆಯವರಿಗೂ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೆರಿಗೆ ತಯಾರಿಯ ತರಗತಿ, ಉಚಿತ. ನನ್ನ ಗಂಡ ಪ್ರದೀಪ ಶಾಲಾ ಮೇಷ್ಟ್ರು, ಅವರಿಗೆ ಶನಿವಾರ ಬೆಳಗಿನ ಶಾಲೆ. ಅಪ್ಪ ಆ ಚೀಟಿಯನ್ನು ಎರಡು ಸಲ ಓದಿ, "ಶನಿವಾರ ಒಂಬತ್ತೂವರೆಗೆ ಇಲ್ಲೇ ಇರ್ತೀನಿ. ನೀನು ಆಟೋದಲ್ಲಿ ಬಾ" ಎಂದುಬಿಟ್ಟ.

ಆ ಶನಿವಾರವನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕೋಣೆಯಲ್ಲಿ ಹತ್ತು ಹನ್ನೆರಡು ಗರ್ಭಿಣಿಯರು, ಜೊತೆಗೆ ಅವರವರ ತಾಯಂದಿರು. ಮೂವರು ಗಂಡಂದಿರು ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತ ತಲೆ ತಗ್ಗಿಸಿ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಅಪ್ಪ ಮಾತ್ರ ಪುಸ್ತಕ, ಪೆನ್ನು ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದ. ಪಾಠ ಹೇಳಲು ಬಂದ ಸಿಸ್ಟರ್ ಹೆಸರು ಸೆಲ್ವಿ. ಐವತ್ತರ ಆಸುಪಾಸಿನ ಗಟ್ಟಿ ದನಿಯ ಹೆಂಗಸು. ಅಪ್ಪನನ್ನು ನೋಡಿ, "ಅಯ್ಯಾ, ನೀವು ಹೊರಗಡೆ ಬೆಂಚ್ ಮೇಲೆ ಕೂತ್ಕೊಳ್ಳಿ. ಇದು ಹೆಣ್ಣುಮಕ್ಕಳ ಕ್ಲಾಸು" ಎಂದರು.

ಅಪ್ಪ ಎದ್ದು ನಿಂತ. "ಇವಳಿಗೆ ತಾಯಿ ಇಲ್ಲ ಸಿಸ್ಟರ್. ನಾನು ಅವಳಮ್ಮನ ಬದಲಿಗೆ ಬಂದಿರೋದು."

ಸಿಸ್ಟರ್ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಅಪ್ಪನ ಮುಖ. "ಹಾಗಾದ್ರೆ ಇಲ್ಲೇ ಕೂತ್ಕೊಳ್ಳಿ. ಏನಾದ್ರೂ ಗೊತ್ತಾಗ್ಲಿಲ್ಲ ಅಂದ್ರೆ ಕೇಳಿ" ಎಂದರು.

ಹಾಗೆ ಹೇಳಿದ್ದು ಎಂಥ ಮಾತೆಂದು ಅವರಿಗೆ ಐದೇ ನಿಮಿಷದಲ್ಲಿ ತಿಳಿಯಿತು. ಅಪ್ಪ ಮೊದಲ ಪ್ರಶ್ನೆ ಹಾಕಿದ. "ಮಗು ಹೊಟ್ಟೇಲಿದೆ ಅಂತೀವಿ. ಊಟಾನೂ ಹೊಟ್ಟೆಗೇ ಹೋಗೋದು. ಸಾರು, ಮಜ್ಜಿಗೆ ಎಲ್ಲಾ ಮಗು ಮೇಲೆ ಬೀಳಲ್ವಾ?"

ಎಲ್ಲರೂ ನಕ್ಕರು. ನಾನು ನೆಲ ನೋಡುತ್ತ ಕೂತೆ. ಆದರೆ ನನ್ನ ಪಕ್ಕದಲ್ಲಿದ್ದ, ರಾಗಿಗುಡ್ಡದ ಕಡೆಯಿಂದ ಬಂದಿದ್ದ ಹುಡುಗಿ ಸಣ್ಣಗೆ, "ನಂಗೂ ಅದೇ ಅನುಮಾನ ಇತ್ತು ಅಕ್ಕ, ಕೇಳೋಕೆ ನಾಚಿಕೆ" ಎಂದಳು. ಸಿಸ್ಟರ್ ನಗದೆ ಹಲಗೆಯ ಮೇಲೆ ಚಿತ್ರ ಬರೆದರು. ಊಟ ಹೋಗುವ ಚೀಲ ಬೇರೆ, ಮಗು ಇರುವ ಚೀಲ ಬೇರೆ. ಗರ್ಭಕೋಶ ತಲೆಕೆಳಗಾಗಿ ಹಿಡಿದ ಸೀಬೆಹಣ್ಣಿನ ಹಾಗಿರುತ್ತದೆ. ಅದರ ಒಳಗೆ ನೀರು, ನೀರಿನಲ್ಲಿ ಮಗು. ಅದರ ಒಳಗೋಡೆಗೆ ಅಂಟಿಕೊಂಡ, ಹೆರಿಗೆಯಾದ ಮೇಲೆ ಹೊರಬೀಳುವ ಮಾಸಿನಿಂದ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಉಸಿರೂ ಊಟವೂ ಹೋಗುತ್ತದೆ. ನಾನು ಬಿ.ಕಾಂ. ಓದಿದವಳು. ಏಳು ತಿಂಗಳು ಹೊತ್ತಿದ್ದರೂ ಇದನ್ನೆಲ್ಲ ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಒಂಬತ್ತು ತಿಂಗಳು ಅಂದ್ರೆ ಯಾವತ್ತಿನಿಂದ ಲೆಕ್ಕ ಸಿಸ್ಟರ್?" ಎಂದು ಅಪ್ಪ ಮತ್ತೆ ಕೇಳಿದ.

"ಕೊನೇ ಸಲ ಮುಟ್ಟಾದ ಮೊದಲನೇ ದಿನದಿಂದ. ಅಲ್ಲಿಂದ ನಲವತ್ತು ವಾರ."

ನಮ್ಮ ಮನೆಯಲ್ಲಿ ಆ ಪದವನ್ನು ಅಪ್ಪನ ಮುಂದೆ ಯಾರೂ ಆಡಿದ್ದೇ ಇಲ್ಲ. ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು ನನಗೆ. ಅಪ್ಪ ಮಾತ್ರ ಅದನ್ನು ಗುಂಡಗಿನ ಅಕ್ಷರದಲ್ಲಿ ಬರೆದುಕೊಂಡು, "ಸರಿ, ಮುಂದೆ?" ಎಂದ.

ಕೊನೆಗೆ ಒಂದು ಗೊಂಬೆ ತಂದು, ಎಳೆಮಗುವನ್ನು ಎತ್ತಿಕೊಳ್ಳುವುದು ಹೇಗೆಂದು ತೋರಿಸಿದರು. ಗಂಡಂದಿರ ಕೈಯಲ್ಲಿ ಗೊಂಬೆಯ ಕತ್ತು ಜೋಲಾಡಿತು. ಅಪ್ಪ ಒಂದು ಕೈ ತಲೆಯ ಕೆಳಗೆ, ಇನ್ನೊಂದು ಕೈ ಸೊಂಟದ ಕೆಳಗೆ ಕೊಟ್ಟು ಅಲುಗಾಡದ ಹಾಗೆ ಎತ್ತಿದ. "ಭಾರ ಎಲ್ಲಿದೆ ಅಂತ ನೋಡಿ ಹಿಡೀಬೇಕು ಸಿಸ್ಟರ್. ಮಗುಗೆ ತಲೆನೇ ಭಾರ ಅಲ್ವಾ?" ಎಂದ. ಸಿಸ್ಟರ್ ಆ ಮೂವರ ಕಡೆ ತಿರುಗಿ, "ನೋಡ್ಕೊಳ್ಳಿ, ಮೊಬೈಲ್ ಆಮೇಲೆ ನೋಡಬಹುದು" ಎಂದರು.

ಅವತ್ತು ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಇಡ್ಲಿ-ವಡೆ ತಿನ್ನುವಾಗ ಕೇಳಿದೆ, "ನಿಂಗೆ ಅಷ್ಟು ಹೆಂಗಸರ ಮಧ್ಯ ನಾಚಿಕೆ ಆಗ್ಲಿಲ್ವಾ ಅಪ್ಪ?"

ಅಪ್ಪ ಇಡ್ಲಿ ಮುರಿಯುತ್ತ ಹೇಳಿದ. "ನೀನು ಹುಟ್ಟಿದ ದಿನ ನಾನು ಮೊದಲನೇ ಶಿಫ್ಟಲ್ಲಿದ್ದೆ. ಮುಗಿಸ್ಕೊಂಡು ಆಸ್ಪತ್ರೆಗೆ ಹೋದೆ. ಹೆಣ್ಣುಮಗು ಅಂದ್ರು. ಪೇಡ ತಂದು ಹಂಚಿದೆ. ನಿಮ್ಮಮ್ಮ ಎಷ್ಟು ಹೊತ್ತು ನೋವು ತಿಂದಳು, ಏನ್ ಕಷ್ಟ ಆಯ್ತು, ಒಂದೂ ಕೇಳ್ಲಿಲ್ಲ ನೋಡು. ಬಸುರಿ ಇದ್ದಾಗ ಒಂದಿನ ಕಾಲು ಊದಿಕೊಂಡಿದೆ ಅಂತ ತೋರ್ಸಿದಳು. ಹೆಂಗಸರನ್ನ ಕೇಳ್ಕೋ ಅಂದುಬಿಟ್ಟೆ. ಈಗ ಕೇಳೋಣ ಅಂದ್ರೆ ಅವಳಿಲ್ಲ." ಅಷ್ಟು ಹೇಳಿ, "ಇನ್ನೊಂದು ವಡೆ ಹೇಳ್ಲಾ?" ಎಂದ. ಆಮೇಲಿನ ಶನಿವಾರಗಳಲ್ಲಿ ಅಪ್ಪ ಏನು ಕೇಳಿದರೂ ನಾನು ನೆಲ ನೋಡಲಿಲ್ಲ.

ಎಂಟು ತುಂಬುವ ಹೊತ್ತಿಗೆ ನಾನು ಭದ್ರಾವತಿಗೆ ಬಂದೆ. ಅಪ್ಪ ಒಂದು ಹೆರಿಗೆಗೆ ಕಾರ್ಖಾನೆ ನಡೆಸುವಷ್ಟು ತಯಾರಿ ಮಾಡಿದ್ದ. ಬಾಗಿಲ ಹಿಂದೆ ಒಂದು ಚೀಲ. ಅದರಲ್ಲಿ ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿಗಳು, ನನ್ನ ಸಡಿಲ ನೈಟಿಗಳು, ಒಗೆದು ಬಿಸಿಲಲ್ಲಿ ಒಣಗಿಸಿದ ಹಳೇ ಹತ್ತಿ ಸೀರೆಯ ತುಂಡುಗಳು. ನನ್ನದೇ ರಕ್ತದ ಗುಂಪಿನ ಇಬ್ಬರು ಹಳೇ ಸಹೋದ್ಯೋಗಿಗಳನ್ನು ಹುಡುಕಿ, ಬೇಕಾದರೆ ಬರುತ್ತೇವೆಂಬ ಮಾತು ತೆಗೆದುಕೊಂಡಿದ್ದ. ಬೀದಿಯ ಕೊನೆಯ ಮನೆಯ ನಾಗರಾಜನ ಬಳಿ ವ್ಯಾನಿತ್ತು. ಯಾವ ಹೊತ್ತಿನಲ್ಲಿ ಕರೆದರೂ ಬರಬೇಕೆಂದು ಅವನಿಗೆ ಹೇಳಿಟ್ಟಿದ್ದ.

ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಬುಧವಾರ, "ಹೊರಡು, ಒಂದ್ಸಲ ಟ್ರಯಲ್ ನೋಡೋಣ" ಎಂದ. ನನ್ನನ್ನೂ ಚೀಲವನ್ನೂ ನಾಗರಾಜನ ವ್ಯಾನಿನಲ್ಲಿ ಕೂರಿಸಿಕೊಂಡು ಗಡಿಯಾರ ನೋಡುತ್ತ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಆಸ್ಪತ್ರೆಯ ಬಾಗಿಲಲ್ಲಿ ವ್ಯಾನು ನಿಂತದ್ದೇ ತಡ, ನನ್ನ ಹೊಟ್ಟೆ ನೋಡಿ ಆಯಾ ಒಬ್ಬರು ಗಾಲಿಕುರ್ಚಿ ತಳ್ಳಿಕೊಂಡು ಓಡಿಬಂದರು. "ನೋವು ಶುರುವಾಗಿ ಎಷ್ಟೊತ್ತಾಯ್ತಮ್ಮ?" ಎಂದು ಕೇಳಿದರು. ಏನು ಹೇಳಲಿ? ಅಪ್ಪನೇ ಗಂಭೀರವಾಗಿ, "ನೋವಿಲ್ಲ, ದಾರಿ ಎಷ್ಟೊತ್ತು ಹಿಡಿಯುತ್ತೆ ಅಂತ ನೋಡೋಕೆ ಬಂದ್ವಿ. ನಲವತ್ತೆರಡು ನಿಮಿಷ" ಎಂದ. ಸುದ್ದಿ ಒಳಗೆ ಹೋಗಿ ಸೆಲ್ವಿ ಸಿಸ್ಟರ್ ಸೆರಗು ಬಾಯಿಗಿಟ್ಟುಕೊಂಡು ಹೊರಬಂದರು. ಅವರ ಹಿಂದೆ ಇನ್ನೂ ನಾಲ್ವರು. ವ್ಯಾನಿನಲ್ಲಿ ವಾಪಸು ಬರುವಾಗ ನಾನು ದಾರಿಯುದ್ದಕ್ಕೂ ಕಿಟಕಿ ಕಡೆಗೇ ಮುಖ ತಿರುಗಿಸಿಕೊಂಡಿದ್ದೆ.

ಮೂವತ್ತೇಳನೇ ವಾರಕ್ಕೆ ಗಿರಿಜತ್ತೆ ಬಂದಳು. ಮೂಟೆಯಲ್ಲಿ ಒಣಕೊಬ್ಬರಿ, ಬೆಲ್ಲ, ಅಂಟು, ಬಾಣಂತಿ ಖಾರದ ಸಾಮಾನು. ಅವಳಿಗೆ ನಾಲ್ಕು ಮಕ್ಕಳು, ಊರಲ್ಲಿ ಹತ್ತಾರು ಬಾಣಂತನ ಮಾಡಿದ ಕೈ. ಅಪ್ಪನಿಗೆ ಪುಸ್ತಕದ ಬಲ. ಅಡುಗೆಮನೆಯಲ್ಲಿ ದಿನಾ ಒಂದಲ್ಲ ಒಂದು ವಾದ.

"ಆ ಕಬ್ಬಿಣದ ಮಾತ್ರೆ ನುಂಗಿಸ್ಬೇಡ. ಮಗು ಕಪ್ಪಾಗುತ್ತೆ" ಎಂದಳು ಅತ್ತೆ.

"ಮೂವತ್ತೆರಡು ವರ್ಷ ಕಬ್ಬಿಣದ ಮಧ್ಯಾನೇ ದುಡಿದೀನಿ ಅಕ್ಕ. ಅದರಿಂದ ಕಪ್ಪಾಗೋದಾದ್ರೆ ನಾನು ನಿನ್ನ ಕಣ್ಣಿಗೇ ಕಾಣ್ತಿರ್ಲಿಲ್ಲ. ರಕ್ತ ಕಡಿಮೆ ಇದ್ರೆ ಹೆರಿಗೇಲಿ ತಾಯಿಗೆ ಕಷ್ಟ. ನುಂಗಮ್ಮ ನೀನು" ಎಂದು ಅಪ್ಪ ಮಾತ್ರೆ, ನೀರು ಮುಂದಿಟ್ಟ.

"ಇಬ್ಬರ ಊಟ ಮಾಡ್ಬೇಕು ಅವಳು" ಎಂದು ಅತ್ತೆ ಇನ್ನೊಂದು ಮುದ್ದೆ ಹಾಕಿದರೆ, "ಒಳಗಿರೋ ಮಗು ಮುದ್ದೆ ತಿನ್ನಲ್ಲ. ಸೊಪ್ಪು, ಕಾಳು ಹಾಕು" ಎಂದು ಅಪ್ಪ ತೆಗೆಯುತ್ತಿದ್ದ. ನಾನು ನಗುತ್ತ ಇಬ್ಬರ ಮಧ್ಯೆ ಕೂತು ತಿನ್ನುತ್ತಿದ್ದೆ. ಅಷ್ಟು ಸುಖದ ದಿನಗಳು ಆ ಮನೆಯಲ್ಲಿ ಅಮ್ಮ ಹೋದಮೇಲೆ ಬಂದಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ನಾನು ಎಡಮಗ್ಗುಲಿಗೆ ಮಲಗುತ್ತಿದ್ದೆ. ಮಗು ಆಡುವುದು ಆ ಹೊತ್ತಿಗೇ. ಪಕ್ಕೆಲುಬಿಗೆ ಒದ್ದರೆ ಒಮ್ಮೊಮ್ಮೆ ಉಸಿರು ಕಟ್ಟುತ್ತಿತ್ತು. ನಿಮ್ಮ ಮಗು ಯಾವಾಗ, ಎಷ್ಟು ಆಡುತ್ತದೆಂದು ನಿಮಗೇ ಗೊತ್ತಿರಬೇಕು, ಕಡಿಮೆ ಅನ್ನಿಸಿದರೆ ಅವತ್ತೇ ಬರಬೇಕು ಎಂದು ಸಿಸ್ಟರ್ ಹೇಳಿದ್ದರು. ಹಾಗಾಗಿ ಅಪ್ಪ ದಿನಾ ಬಾಗಿಲಾಚೆಯಿಂದ, "ಆಡ್ತಿದೆಯಾ?" ಎಂದು ಕೇಳುತ್ತಿದ್ದ. ನಾನು ಹೂಂ ಎನ್ನುತ್ತಿದ್ದೆ.

ಮೂವತ್ತೊಂಬತ್ತನೇ ವಾರದ ಒಂದು ಭಾನುವಾರ. ನನ್ನ ಹೈಸ್ಕೂಲಿನ ಗೆಳತಿಯರಿಬ್ಬರು ಬೆಳಿಗ್ಗೆಯೇ ಬಂದು ಊಟ ಮಾಡಿಕೊಂಡು, ಹರಟೆ ಹೊಡೆದು ಮೂರು ಗಂಟೆಗೆ ಹೋದರು. ಅಪ್ಪ ಎಂದಿನ ಹಾಗೆ ಕೇಳಿದ. ನಾನು ಹೂಂ ಎನ್ನಲು ಹೋಗಿ ತಡೆದೆ. ಬೆಳಿಗ್ಗೆಯಿಂದ ಒದ್ದದ್ದು ನೆನಪೇ ಆಗಲಿಲ್ಲ.

"ಅಷ್ಟೇನಿಲ್ಲ ಅಪ್ಪ ಇವತ್ತು. ಸುಮ್ಮನಿದೆ."

ಗಿರಿಜತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು. "ದಿನ ತುಂಬಿದ್ಮೇಲೆ ಹಂಗೇ ಕಣೇ. ಆಡೋಕೆ ಜಾಗ ಎಲ್ಲಿದೆ ಅದಕ್ಕೆ?"

"ಹಂಗಲ್ಲ ಅಕ್ಕ. ಕೊನೇ ದಿನದವರೆಗೂ ಆಡ್ಲೇಬೇಕು ಅಂತ ಸಿಸ್ಟರ್ ಎರಡೆರಡು ಸಲ ಹೇಳಿದಾರೆ" ಎಂದ ಅಪ್ಪ. ನನಗೆ ನೀರು ಕುಡಿಸಿ ಎಡಮಗ್ಗುಲಿಗೆ ಮಲಗಿಸಿದ. ತಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಾನು ಕಾದೆ. ಮುಕ್ಕಾಲು ಗಂಟೆಯಲ್ಲಿ ಎರಡು ಸಲ ಏನೋ ಮೆಲ್ಲಗೆ ಸರಿದಂತಾಯಿತು, ಅಷ್ಟೇ.

ಅಪ್ಪ ಎದ್ದ. "ನಡಿ, ಹೊರಡೋಣ."

ನನಗೆ ನೋವಿರಲಿಲ್ಲ, ನೀರು ಹೋಗಿರಲಿಲ್ಲ. ಮರುದಿನ ಹೇಗೂ ತಪಾಸಣೆಯಿತ್ತು. "ನಾಳೆ ಹೋದ್ರಾಯ್ತಲ್ಲ ಅಪ್ಪ. ಈಗ ಹೋದ್ರೆ ಮತ್ತೆ ನಗ್ತಾರೆ. ಆ ಟ್ರಯಲ್ ಕಥೆನೇ ಇನ್ನೂ ಮರೆತಿಲ್ಲ ಅವರು."

"ನಗ್ಲಿ. ನಕ್ಕು ವಾಪಸ್ ಕಳಿಸಿದ್ರೆ ದಾರೀಲಿ ಮಸಾಲೆ ದೋಸೆ ತಿನ್ಕೊಂಡು ಬರೋಣ" ಎಂದು ಅಪ್ಪ ಚೀಲ ಹೆಗಲಿಗೇರಿಸಿ ನಾಗರಾಜನಿಗೂ ಪ್ರದೀಪರಿಗೂ ಫೋನು ಮಾಡಿದ.

ವ್ಯಾನಿನಲ್ಲಿ ಅಪ್ಪ ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತ, ಇನ್ನೂ ಬೇಗ ಹೋಗು ಎಂದು ನಾಗರಾಜನಿಗೆ ಹೇಳುತ್ತಿದ್ದ. ಆಗ ನನಗೂ ಮೊದಲ ಸಲ ಭಯವಾಯಿತು. ಹೊಟ್ಟೆ ಸವರುತ್ತ, ಒದಿ ಪುಟ್ಟಿ, ಒಂದೇ ಒಂದು ಸಲ ಒದಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಗಂಡೋ ಹೆಣ್ಣೋ ಗೊತ್ತಿರಲಿಲ್ಲ, ಪುಟ್ಟಿ ಎಂದೇ ಬಾಯಿಗೆ ಬಂತು.

ರವೀಂದ್ರನಗರದಿಂದ ಪ್ರದೀಪ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಯಾರೂ ನಗಲಿಲ್ಲ. ಅಪ್ಪ, "ಆಟ ಕಡಿಮೆಯಾಗಿದೆ, ಬೆಳಿಗ್ಗೆಯಿಂದ" ಎಂದಷ್ಟೇ ಹೇಳಿದ. ಸೆಲ್ವಿ ಸಿಸ್ಟರ್ ನನ್ನನ್ನು ನೇರ ಒಳಗೆ ಕರೆದುಕೊಂಡು ಹೋಗಿ ಹೊಟ್ಟೆಗೆ ಬೆಲ್ಟು ಕಟ್ಟಿದರು. ಮಗುವಿನ ಎದೆಬಡಿತ ಕುದುರೆ ಓಡಿದ ಹಾಗೆ ಟಕಟಕ ಕೇಳಿತು. ಅಬ್ಬ ಎಂದುಕೊಳ್ಳುವಷ್ಟರಲ್ಲಿ ಅದು ನಿಧಾನವಾಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಡಾಕ್ಟರಮ್ಮ ಬಂದು ಸ್ಕ್ಯಾನ್ ಮಾಡಿ ನೋಡಿದರು.

"ಮಗು ಸುತ್ತ ನೀರು ತುಂಬಾ ಕಮ್ಮಿಯಾಗಿದೆ. ಎದೆಬಡಿತ ಇಳೀತಾ ಇದೆ. ಕಾಯೋದು ಬೇಡ, ಈಗಲೇ ಆಪರೇಷನ್ ಮಾಡಿ ತೆಗೆಯೋಣ" ಎಂದರು.

ನನಗೆ ಅಳು ಬಂತು. ಶನಿವಾರದ ಪಾಠದಲ್ಲಿ ಏಳೆಂಟು ವಾರ ಉಸಿರಾಟ ಕಲಿತಿದ್ದೆ, ನೋವು ಬಂದಾಗ ಹೇಗೆ ಕೂರಬೇಕು, ಹೇಗೆ ನಡೆಯಬೇಕು ಎಲ್ಲ ಕಲಿತಿದ್ದೆ. "ಕಲಿತಿದ್ದೆಲ್ಲ ದಂಡ ಆಯ್ತು ಸಿಸ್ಟರ್" ಎಂದೆ.

"ಯಾಕೆ ದಂಡ? ಬೆನ್ನಿಗೆ ಇಂಜೆಕ್ಷನ್ ಕೊಡ್ತಾರೆ, ಅಲುಗಾಡಬಾರದು. ಆ ಉಸಿರಾಟ ಈಗ ಮಾಡು. ಮೂಗಲ್ಲಿ ತಗೋ, ಬಾಯಲ್ಲಿ ಬಿಡು" ಎಂದು ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಅವರ ಹೆಗಲಿಗೆ ಹಣೆಯಿಟ್ಟು ಉಸಿರೆಳೆದು ಬಿಟ್ಟೆ. ಸೂಜಿ ಹೋದದ್ದು ಗೊತ್ತಾಯಿತು, ಅಲುಗಲಿಲ್ಲ.

ಇನ್ನೂ ಬೆಳಕಿರುವಾಗಲೇ ಮಗುವನ್ನು ತೆಗೆದರು. ಹೊಕ್ಕುಳಬಳ್ಳಿ ಕತ್ತಿಗೆ ಎರಡು ಸುತ್ತು ಬಿದ್ದಿತ್ತಂತೆ. ಪರದೆಯ ಆಚೆ ಏನೂ ಸದ್ದಿಲ್ಲ. ಯಾರೋ ಮಗುವನ್ನು ಉಜ್ಜುತ್ತಿದ್ದರು. ಆ ಕೆಲವು ಕ್ಷಣ ನನ್ನ ಆಯುಷ್ಯದಲ್ಲೇ ಉದ್ದನೆಯವು. ಆಮೇಲೆ ಬೆಕ್ಕಿನ ಮರಿಯಂಥ ಒಂದು ದನಿ, ಅದರ ಹಿಂದೆಯೇ ಗಟ್ಟಿ ಅಳು. "ಹೆಣ್ಣುಮಗು. ಜೋರಿದೆ" ಎಂದು ಸಿಸ್ಟರ್ ನನ್ನ ಕೆನ್ನೆಗೆ ಅವಳ ಕೆನ್ನೆ ತಾಗಿಸಿದರು.

ಡಾಕ್ಟರಮ್ಮ ಹೊರಗೆ ಹೋಗಿ ಸುದ್ದಿ ಹೇಳಿದ್ದನ್ನು ಪ್ರದೀಪ ಆಮೇಲೆ ನನಗೆ ವರ್ಣಿಸಿದರು. ಡಾಕ್ಟರಮ್ಮ ಬಾಗಿಲು ತೆಗೆದು ಬಾಯಿ ತೆರೆಯುವ ಮೊದಲೇ ಅಪ್ಪ ಮುಂದೆ ಹೋಗಿ, "ನನ್ನ ಮಗಳು ಹೇಗಿದಾಳೆ?" ಎಂದು ಕೇಳಿದನಂತೆ. "ಚೆನ್ನಾಗಿದಾಳೆ. ಮಗುನೂ ಚೆನ್ನಾಗಿದೆ. ಇವತ್ತೇ ಕರ್ಕೊಂಡು ಬಂದು ಒಳ್ಳೇ ಕೆಲಸ ಮಾಡಿದ್ರಿ. ನಾಳೆ ತನಕ ಕಾದಿದ್ರೆ ಏನಾಗ್ತಿತ್ತೋ ಹೇಳೋಕಾಗಲ್ಲ" ಎಂದರಂತೆ ಅವರು. ಅಪ್ಪ, ಮಗು ಗಂಡೋ ಹೆಣ್ಣೋ ಎಂದು ಕೇಳುವುದನ್ನೇ ಮರೆತನಂತೆ.

ಐದನೇ ದಿನ ಭದ್ರಾವತಿಗೆ ಬಂದೆವು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ಗಿರಿಜತ್ತೆ ಸೆರಗು ಕಟ್ಟಿ ಕೂತಾಗ ಅಪ್ಪ ಮೊಣಕೈ ಅದ್ದಿ ನೀರಿನ ಬಿಸಿ ನೋಡಿದ. ಬಾಯಿಗೆ ಜೇನು ಬೇಡ, ಮೂಗಿಗೆ ಎಣ್ಣೆ ಬೇಡ, ಆರು ತಿಂಗಳು ತಾಯಿ ಹಾಲು ಬಿಟ್ಟು ಇನ್ನೇನೂ ಬೇಡ ಎಂದ. ಅತ್ತೆ ವಾದಕ್ಕೆ ನಿಲ್ಲಲಿಲ್ಲ. ಆ ಭಾನುವಾರದ ಮೇಲೆ ಅವಳು ಸ್ವಲ್ಪ ಮೆತ್ತಗಾಗಿದ್ದಳು. ಒಂದು ಮಧ್ಯಾಹ್ನ ನನ್ನ ತಲೆ ಒರೆಸುತ್ತ, "ನನ್ನ ಮಾತು ಕೇಳಿದ್ರೆ ಎಂಥಾ ಕೆಲ್ಸ ಆಗೋಗ್ತಿತ್ತಲ್ಲೇ" ಎಂದು ಕಣ್ಣೊರೆಸಿಕೊಂಡಳು. "ನಿಂಗೆ ಗೊತ್ತಿದ್ದದ್ದನ್ನ ನೀನು ಹೇಳ್ದೆ ಅತ್ತೆ" ಎಂದೆ. ಅವಳ ಖಾರ, ಅಂಟಿನುಂಡೆ, ಬಿಸಿನೀರು ಇಲ್ಲದಿದ್ದರೆ ನಾನು ಅಷ್ಟು ಬೇಗ ಎದ್ದು ಓಡಾಡುತ್ತಿರಲಿಲ್ಲ. ಈಗ ಹೊಳೆಹೊನ್ನೂರಿನಲ್ಲಿ ಅವಳ ಮೊಮ್ಮಗಳು ಬಸುರಿ. ವಾರಕ್ಕೊಮ್ಮೆ ಅತ್ತೆಯೇ ಫೋನು ಮಾಡಿ, "ರುದ್ರ, ಇವಳ ಗಂಡನಿಗೆ ಒಂಚೂರು ಹೇಳೋ. ಸುಮ್ನೆ ಕೂತಿರ್ತಾನೆ" ಎನ್ನುತ್ತಾಳೆ.

ಮಗುವಿನ ಐದನೇ ತಿಂಗಳಲ್ಲಿ ನಮ್ಮನ್ನು ಕರೆದೊಯ್ಯಲು ಶಿವಮೊಗ್ಗದಿಂದ ನಮ್ಮ ಅತ್ತೆ ಬಂದರು. ಮೈ ತುಂಬಿಕೊಂಡ ಮೊಮ್ಮಗಳನ್ನು ಎತ್ತಿ, "ಬೀಗರೆ, ಎರಡನೇದಕ್ಕೂ ನಿಮ್ಮನೆಗೇ ಕಳಿಸ್ತೀನಿ" ಎಂದು ನಕ್ಕರು. ಮಡಿಲು ತುಂಬುವ ಶಾಸ್ತ್ರವನ್ನು ಪಕ್ಕದ ಮನೆಯವರು ಮಾಡಿದರು. ವ್ಯಾನು ಹೊರಡುವಾಗ ಅಪ್ಪ ಕಿಟಕಿಯ ಹತ್ತಿರ ಬಂದ. ಚುಚ್ಚುಮದ್ದಿನ ದಿನವನ್ನೋ, ಮಗುವಿನ ತೂಕವನ್ನೋ ನೆನಪಿಸುತ್ತಾನೆ ಎಂದುಕೊಂಡೆ.

"ನೀನು ಹೊತ್ತೊತ್ತಿಗೆ ಊಟ ಮಾಡು" ಎಂದ. "ಇನ್ಮೇಲೆ ಬಂದೋರೆಲ್ಲ ಮಗುನೇ ಕೇಳ್ತಾರೆ. ನಿಂಗೆ ಏನಾದ್ರೂ ಆದ್ರೆ ನೀನೇ ಬಾಯಿಬಿಟ್ಟು ಹೇಳ್ಬೇಕು. ನಂಗೆ ಹೇಳು."

ಆ ಮಾತು ನಿಜವಾಯಿತು. ಮನೆಗೆ ಬಂದವರು, ದಾರಿಯಲ್ಲಿ ಸಿಕ್ಕವರು ಎಲ್ಲರೂ ಮಗುವನ್ನೇ ವಿಚಾರಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನಾನೂ ಹಾಗೆಯೇ ಮಾಡುತ್ತಿದ್ದೆ. ಆದರೆ ದಿನಾ ಸಂಜೆ ಭದ್ರಾವತಿಯಿಂದ ಬರುವ ಫೋನಿನಲ್ಲಿ ಮೊದಲ ಪ್ರಶ್ನೆ ಇವತ್ತಿಗೂ ನನಗೇ. ಸೊಂಟನೋವು ಹೇಗಿದೆ, ಏನು ತಿಂದೆ, ನಿದ್ದೆ ಬಂತಾ ಎಂದು ಅಪ್ಪ ಒಂದೊಂದಾಗಿ ಕೇಳುತ್ತಾನೆ, ನಾನು ಒಂದೊಂದಾಗಿ ಹೇಳುತ್ತೇನೆ. ಮೂರು ತುಂಬಿದ ನನ್ನ ಮಗಳು ಪಕ್ಕದಲ್ಲಿ ಕುಣಿಯುತ್ತ, "ನಂಗೆ ಕೊಡು, ತಾತ ನಂಗೆ" ಎಂದು ಫೋನು ಕಿತ್ತುಕೊಳ್ಳಲು ನೋಡುತ್ತಾಳೆ. ತಡಿ ಪುಟ್ಟಿ, ಇನ್ನೂ ನನ್ನದು ಮುಗಿದಿಲ್ಲ ಎನ್ನುತ್ತೇನೆ.